ಸಲಕರಣೆಯ ಕುಲ ಕೇಳುವ ಗ್ರಾಹಕರು

ಕುಣಿಯಲಾರದವಳು ನೆಲ ಡೊಂಕು ಎಂದಳೆಂಬ ಗಾದೆಯನ್ನು ನಾವೆಲ್ಲ ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಕೆಲಸ ಬಾರದವನು ಕೈಯಲ್ಲಿನ ಸಲಕರಣೆಯನ್ನು ದೂರುತ್ತಾನೆಂಬುದು ಅದರ ತಾತ್ಪರ್ಯ. ಆದರೆ ಕುಣಿಯುವವಳು ಇನ್ನೂ ಹೆಜ್ಜೆಯನ್ನೇ ಇಟ್ಟಿಲ್ಲ, ನೋಡಲು ಬಂದವರೇ ಎದ್ದು ನಿಂತು ‘ಈ ನೆಲ ಡೊಂಕು, ಇಲ್ಲಿ ಕುಣಿತ ಬೇಡ’ ಎಂದರೆ ಅದಕ್ಕೇನೆನ್ನಬೇಕು? ಗಣಕಯಂತ್ರದ ತಂತ್ರಾಂಶವನ್ನು ಸಿದ್ಧಪಡಿಸುವ ಉದ್ಯಮದಲ್ಲಿ ಇಂಥ ಪ್ರಸಂಗಗಳು ಅಪರೂಪವಲ್ಲ. ತಂತ್ರಾಂಶ ಕೆಲಸ ಮಾಡುವುದೋ ಇಲ್ಲವೋ ಎಂದು ಪರೀಕ್ಷಿಸುವ ಮುನ್ನವೇ, ಅದನ್ನು ಯಾವ ಭಾಷೆಯಲ್ಲಿ, ಯಾವ ಸಲಕರಣೆಯಿಂದ ರಚಿಸಲಾಗಿದೆಯೆಂದು ಕೇಳಿ, ಆ ಹೆಸರು ಹಿಡಿಸದಿದ್ದರೆ ಕೈಬಿಡುವ ಗ್ರಾಹಕರು ಎಲ್ಲೆಡೆಯೂ ಇದ್ದಾರೆ.

ಈ ವಿಷಯ ನಮ್ಮ ಕುಟುಂಬಗಳಿಗೇಕೆ ಎಂದು ಓದುಗ ಬಂಧುಗಳು ಕೇಳಬಹುದು. ಇಂದು ಅನೇಕ ಮನೆಗಳಲ್ಲಿ ಮಗನೋ ಮಗಳೋ ಸೊಸೆಯೋ ತಂತ್ರಾಂಶದ ಉದ್ಯೋಗದಲ್ಲಿದ್ದಾರೆ. ಅದೇ ಮನೆಗಳ ಹಿರಿಯರು ಶಾಲೆ, ವಿದ್ಯಾರ್ಥಿ ನಿಲಯ, ಪತ್ತಿನ ಸಂಘ, ಅಂಗಡಿಗಳನ್ನು ನಡೆಸುತ್ತ ಅಂಥ ತಂತ್ರಾಂಶವನ್ನು ಕೊಳ್ಳುತ್ತಿದ್ದಾರೆ. ಮಾಡುವವರೂ ನಮ್ಮವರೇ, ಕೊಳ್ಳುವವರೂ ನಮ್ಮವರೇ. ಆದ್ದರಿಂದ ಈ ಪೂರ್ವಗ್ರಹದ ನಷ್ಟ ಎರಡು ಕಡೆಯಿಂದಲೂ ನಮ್ಮ ಮನೆಬಾಗಿಲಿಗೇ ಬಂದು ನಿಲ್ಲುತ್ತದೆ. ನಾವೂ ಒಮ್ಮೆ ಅಂಥ ಗ್ರಾಹಕರಾಗಿದ್ದೆವು. ಆ ತಪ್ಪನ್ನು ಒಪ್ಪಿಕೊಂಡೇ ಈ ಲೇಖನವನ್ನು ಆರಂಭಿಸುವುದು ಉಚಿತ.

ನಮ್ಮ ಸಂಘದಲ್ಲಿ ನಡೆದದ್ದು

2009ರಲ್ಲಿ ನಾವು ನಮ್ಮ ತಾಲ್ಲೂಕಿನ ಒಂದು ಪತ್ತಿನ ಸಹಕಾರ ಸಂಘದ ಆಡಳಿತ ಮಂಡಳಿಯಲ್ಲಿದ್ದೆವು. ಠೇವಣಿ, ಸಾಲ, ಪಿಗ್ಮಿ ವಸೂಲಿ ಎಲ್ಲವನ್ನೂ ಕೈಬರಹದ ಖಾತೆ ಪುಸ್ತಕಗಳಲ್ಲಿಯೇ ಬರೆಯುತ್ತಿದ್ದ ಕಾಲವದು. ಲೆಕ್ಕವನ್ನೆಲ್ಲ ಗಣಕಯಂತ್ರಕ್ಕೆ ಒಪ್ಪಿಸಬೇಕೆಂದು ಠರಾವಾಯಿತು. ನಮ್ಮ ಊರಿನವನೇ ಆದ, ಇಂಜಿನಿಯರಿಂಗ್ ಮುಗಿಸಿದ್ದ ಒಬ್ಬ ತರುಣ ಆರು ತಿಂಗಳು ಶ್ರಮಿಸಿ ಸಂಘಕ್ಕೆಂದೇ ಒಂದು ತಂತ್ರಾಂಶವನ್ನು ಸಿದ್ಧಪಡಿಸಿ ತಂದ. ನಲವತ್ತು ಸಾವಿರ ರೂಪಾಯಿ ಕೇಳಿದ.

ಸಭೆಯಲ್ಲಿ ಒಬ್ಬ ನಿರ್ದೇಶಕರು, “ತಮ್ಮಾ, ಇದನ್ನ ಯಾವುದರಾಗ ಮಾಡೀಯಪ್ಪಾ?” ಎಂದು ಕೇಳಿದರು. ಅವನು “ಪಿಎಚ್‌ಪಿ ಒಳಗ ಮಾಡೇನ್ರಿ” ಎಂದ. ನಿರ್ದೇಶಕರ ಅಳಿಯಂದಿರು ಬೆಂಗಳೂರಿನಲ್ಲಿ ಉದ್ಯೋಗಸ್ಥರು. ಪಿಎಚ್‌ಪಿ ಎಂಬುದು ಸಣ್ಣಪುಟ್ಟ ಜಾಲತಾಣಗಳಿಗೆ ಮಾತ್ರ ಸಾಕು, ಹಣಕಾಸಿನ ವ್ಯವಹಾರಕ್ಕೆ ಅದು ಆಟದ ಸಾಮಾನು ಎಂದು ಅವರು ಹೇಳಿದ್ದರಂತೆ. ಆ ಒಂದು ಮಾತಿಗೆ ಸಭೆಯ ಒಲವೇ ತಿರುಗಿತು. ತರುಣ ಕೊನೆಗೆ ಕೈಮುಗಿದು, “ಒಂದು ವಾರ ನಡಿಸಿ ನೋಡ್ರಿ, ಆಮ್ಯಾಲ ಬ್ಯಾಡ ಅನ್ರಿ” ಎಂದ. ನಾವು ಆ ಒಂದು ವಾರವನ್ನೂ ಕೊಡಲಿಲ್ಲ. ಬೇಡವೆಂದು ಎತ್ತಿದ ಕೈಗಳಲ್ಲಿ ನಮ್ಮ ಕೈಯೂ ಇತ್ತು.

ನಗರದ ಒಂದು ಸಂಸ್ಥೆ ಜಾವಾ ಭಾಷೆಯಲ್ಲಿ ರಚಿಸಿದ ತಂತ್ರಾಂಶವನ್ನು ಒಂದು ಲಕ್ಷ ಎಪ್ಪತ್ತೈದು ಸಾವಿರಕ್ಕೆ ಕೊಟ್ಟಿತು. ಜಾವಾ ಎಂಬ ಹೆಸರು ಕೇಳಿಯೇ ನಮಗೆ ಸಮಾಧಾನವಾಗಿತ್ತು. ತಂತ್ರಾಂಶವೂ ನಾಲ್ಕು ವರ್ಷ ಚೆನ್ನಾಗಿಯೇ ನಡೆಯಿತು. ವರ್ಷಕ್ಕೊಮ್ಮೆ ಆ ಸಂಸ್ಥೆಯಿಂದ ಒಂದು ಸಂಕೇತ ಸಂಖ್ಯೆಯನ್ನು ಪಡೆದು ಹಾಕಬೇಕಿತ್ತು. 2013ರ ಏಪ್ರಿಲ್‌ನಲ್ಲಿ ಆ ಸಂಖ್ಯೆ ಬರಲಿಲ್ಲ, ಏಕೆಂದರೆ ಸಂಸ್ಥೆಯೇ ಬಾಗಿಲು ಮುಚ್ಚಿತ್ತು. ಪರದೆಯ ಮೇಲೆ ಖಾತೆಗಳು ತೆರೆಯಲಿಲ್ಲ. ಒಳಗಿನ ಮಾಹಿತಿಯನ್ನು ಬೇರೆ ರೂಪದಲ್ಲಿ ಹೊರತೆಗೆಯುವ ದಾರಿಯನ್ನು ಕರಾರಿನಲ್ಲಿ ನಾವು ಕೇಳಿಯೇ ಇರಲಿಲ್ಲ. ಇಬ್ಬರು ಗುಮಾಸ್ತರು ಹಳೆಯ ಮುದ್ರಿತ ಹಾಳೆಗಳನ್ನು ಮುಂದಿಟ್ಟುಕೊಂಡು ಸುಮಾರು ಎರಡು ಸಾವಿರ ಖಾತೆಗಳನ್ನು ಮೂರು ತಿಂಗಳ ಕಾಲ ಮತ್ತೆ ಬರೆದರು. ಮಗಳ ಮದುವೆಗೆಂದು ಠೇವಣಿಯಿಟ್ಟಿದ್ದ ಒಬ್ಬ ತಾಯಿ ಹನ್ನೊಂದು ದಿನ ಸಂಘದ ಮೆಟ್ಟಿಲು ಹತ್ತಿ ಇಳಿದರು. ಬಡ್ಡಿಯ ಲೆಕ್ಕ ಕೂಡಿಬರುವಷ್ಟರಲ್ಲಿ ಅವರು ಬಂಗಾರವನ್ನು ಸಾಲದ ಮೇಲೆ ತಂದಾಗಿತ್ತು.

ದೋಷ ಜಾವಾದ್ದಾಗಿರಲಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಭಾಷೆಯ ಹೆಸರು ಕೇಳಿ ತೃಪ್ತರಾದ ನಾವು ಕೇಳಲೇಬೇಕಾಗಿದ್ದ ಪ್ರಶ್ನೆಗಳನ್ನು ಮರೆತಿದ್ದೆವು. ಇದೇ ಈ ಪೂರ್ವಗ್ರಹದ ನಿಜವಾದ ಕೇಡು. ಒಳ್ಳೆಯ ಸಲಕರಣೆಯೊಂದು ಕೈತಪ್ಪಿತೆಂಬುದು ಸಣ್ಣ ನಷ್ಟ. ಹೆಸರಿನ ಭರವಸೆಯಲ್ಲಿ ಪರೀಕ್ಷೆಯೇ ತಪ್ಪಿಹೋಯಿತೆಂಬುದು ದೊಡ್ಡ ನಷ್ಟ.

ಹೆಸರಿನ ಮೋಹ ಹುಟ್ಟುವ ಬಗೆ

ಗಣಕಯಂತ್ರಕ್ಕೆ ಮೂಲತಃ ತಿಳಿಯುವುದು ಸೊನ್ನೆ ಮತ್ತು ಒಂದು ಎಂಬ ಎರಡು ಅಂಕಿಗಳ ಸಂಕೇತ ಮಾತ್ರ. ಮನುಷ್ಯನಿಗೆ ಆ ಸಂಕೇತದಲ್ಲಿ ಬರೆಯುವುದು ಬಹು ಪ್ರಯಾಸದ ಕೆಲಸ. ಆದಕಾರಣ ಇಬ್ಬರಿಗೂ ನಡುವೆ ದುಭಾಷಿಯಂತೆ ನಿಲ್ಲುವ ಕೃತಕ ಭಾಷೆಗಳನ್ನು ರಚಿಸಿದರು. ಅವೇ ಪ್ರೋಗ್ರಾಮಿಂಗ್ ಭಾಷೆಗಳು. ಒಂದೊಂದು ಭಾಷೆಗೆ ಒಂದೊಂದು ಅನುಕೂಲ, ಒಂದೊಂದು ಮಿತಿ. ಬಡಗಿಯ ಚೀಲದಲ್ಲಿ ಉಳಿ, ಬಾಚಿ, ಗರಗಸ ಇರುವಂತೆ ಇವೂ ಇರುತ್ತವೆ.

ಮನೆ ಕಟ್ಟಿಸುವಾಗ ಮೇಸ್ತ್ರಿಯ ಕರಣೆ ಯಾವ ಕಂಪೆನಿಯದೆಂದು ನಾವು ಯಾರೂ ವಿಚಾರಿಸುವುದಿಲ್ಲ. ಗೋಡೆಗೆ ತೂಗುಗುಂಡು ಹಿಡಿದು ನೇರವಾಗಿದೆಯೇ ಎಂದು ನೋಡುತ್ತೇವೆ. ತಂತ್ರಾಂಶದಲ್ಲಿ ಹಾಗಾಗದು. ಅಲ್ಲಿನ ಗೋಡೆ ಕಣ್ಣಿಗೆ ಕಾಣದು. ಕಾಣದ ವಸ್ತುವಿಗೆ ಹಣ ಕೊಡುವಾಗ ಮನಸ್ಸು ಏನಾದರೊಂದು ಗುರುತಿಗೆ ಆತುಕೊಳ್ಳುವುದು ಸಹಜ. ಸಲಕರಣೆಯ ಹೆಸರು ಅಂಥ ಸುಲಭದ ಗುರುತು. ಜೊತೆಗೆ ಹೊಣೆಗಾರಿಕೆಯ ಭಯವೂ ಇದೆ. ಎಲ್ಲರೂ ಒಪ್ಪಿದ ಹೆಸರನ್ನು ಆರಿಸಿ ಕೆಟ್ಟರೆ ಯಾರೂ ಬೈಯುವುದಿಲ್ಲ, ಯಾರೂ ಕೇಳದ ಹೆಸರನ್ನು ಆರಿಸಿ ಕೆಟ್ಟರೆ ಆರಿಸಿದವನ ತಲೆಗೇ ಬರುತ್ತದೆ. ಐಬಿಎಂನ ಯಂತ್ರ ಕೊಂಡದ್ದಕ್ಕೆ ಯಾರೂ ನೌಕರಿ ಕಳೆದುಕೊಂಡಿಲ್ಲವೆಂದು ಗಣಕ ವ್ಯಾಪಾರದಲ್ಲಿ ಹಿಂದೆ ರೂಢಿಯಲ್ಲಿದ್ದ ಮಾತು ಈ ಭಯವನ್ನೇ ಸೂಚಿಸುತ್ತದೆ.

ಗ್ರಾಹಕರಿಗೆ ಈ ಪಾಠವನ್ನು ಕಲಿಸಿದವರಲ್ಲಿ ತಂತ್ರಜ್ಞರೂ ಸೇರಿದ್ದಾರೆ. ನೆದರ್ಲೆಂಡಿನ ಪ್ರಸಿದ್ಧ ಗಣಕವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1975ರಲ್ಲಿ ಬರೆದ ಒಂದು ಟಿಪ್ಪಣಿಯಲ್ಲಿ ಫೋರ್ಟ್ರಾನ್, ಕೋಬಾಲ್, ಬೇಸಿಕ್ ಈ ಮೂರನ್ನೂ ಅತ್ಯಂತ ಕಟುವಾಗಿ ಖಂಡಿಸಿದ್ದರು. ಅಂಥ ಮೇಧಾವಿಯ ಮಾತಿಗೆ ಅವರದೇ ಆದ ಶಾಸ್ತ್ರೀಯ ಕಾರಣಗಳಿದ್ದವು. ಆದರೆ ಕಾರಣಗಳು ಹಿಂದುಳಿದು ತಿರಸ್ಕಾರ ಮಾತ್ರ ಬಾಯಿಂದ ಬಾಯಿಗೆ ಹರಡಿತು. ಅದೇ ಪ್ರವೃತ್ತಿ ಅಳಿಯಂದಿರ ಬಾಯಿಯಿಂದ ನಮ್ಮ ಸಂಘದ ಸಭೆಯವರೆಗೂ ಬಂದಿತೆನ್ನಬಹುದು.

ಚರಿತ್ರೆ ಹೇಳುವ ಸಾಕ್ಷಿ

ಸಲಕರಣೆಗಳ ಮೇಲಿನ ಅಪನಂಬಿಕೆ ಈ ಉದ್ಯಮದಷ್ಟೇ ಹಳೆಯದು. ಐಬಿಎಂ ಸಂಸ್ಥೆಯ ಜಾನ್ ಬ್ಯಾಕಸ್ ಮತ್ತು ಅವರ ಸಂಗಡಿಗರು 1957ರಲ್ಲಿ ಐಬಿಎಂ 704 ಯಂತ್ರಕ್ಕಾಗಿ ಫೋರ್ಟ್ರಾನ್ ಭಾಷೆಯನ್ನು ಹೊರತಂದರು. ಅಲ್ಲಿಯತನಕ ಯಂತ್ರದ ಸಂಕೇತಗಳನ್ನು ಕೈಯಿಂದಲೇ ಬರೆಯುತ್ತಿದ್ದವರು ಅದನ್ನು ಸುಲಭವಾಗಿ ನಂಬಲಿಲ್ಲ. ಯಂತ್ರವೇ ಅನುವಾದಿಸಿದ ಕ್ರಮವಿಧಿ ನುರಿತ ಕೈ ಬರೆದದ್ದರಷ್ಟು ಚುರುಕಾಗಿ ಓಡಲಾರದೆಂಬುದು ಅವರ ವಾದ. ಬ್ಯಾಕಸ್ ಅವರ ತಂಡಕ್ಕೂ ಈ ಅಳುಕಿತ್ತು. ಆದ್ದರಿಂದಲೇ ಅನುವಾದದ ವೇಗವನ್ನು ಸಾಧಿಸಲು ಅವರು ವರ್ಷಗಟ್ಟಲೆ ಶ್ರಮಿಸಿದರು. ಓಡಿಸಿ ನೋಡಿದ ಮೇಲೆಯೇ ಸಂಶಯ ಕರಗಿತು. ಹವಾಮಾನ ಮುನ್ಸೂಚನೆಗೆ ಬಳಸುವ ಅನೇಕ ಗಣಿತ ಮಾದರಿಗಳು ಇಂದಿಗೂ ಫೋರ್ಟ್ರಾನ್‌ನಲ್ಲಿಯೇ ಇವೆ.

ವ್ಯಾಪಾರ ವ್ಯವಹಾರಕ್ಕೆಂದು 1959-60ರಲ್ಲಿ ರೂಪುಗೊಂಡ ಕೋಬಾಲ್‌ನ ಕಥೆ ಇನ್ನೂ ಬೋಧಪ್ರದವಾದುದು. ಅದಕ್ಕೆ ದಾರಿ ತೋರಿದ ಅಮೆರಿಕದ ನೌಕಾಪಡೆಯ ಅಧಿಕಾರಿಣಿ ಗ್ರೇಸ್ ಹಾಪರ್ ಅವರು ಇಂಗ್ಲಿಷ್ ಪದಗಳಲ್ಲಿ ಗಣಕಯಂತ್ರಕ್ಕೆ ಆಜ್ಞೆ ಕೊಡಬಹುದೆಂದಾಗ, ಯಂತ್ರಕ್ಕೆ ಇಂಗ್ಲಿಷ್ ಹೇಗೆ ತಿಳಿದೀತೆಂದು ಹೇಳಿ ತಳ್ಳಿಹಾಕಿದವರಿದ್ದರು. ಕಾಲಾಂತರದಲ್ಲಿ ಬ್ಯಾಂಕು, ವಿಮೆ, ಸರ್ಕಾರಗಳ ಲೆಕ್ಕಪತ್ರಗಳು ಕೋಬಾಲ್‌ನಲ್ಲಿಯೇ ನೆಲೆಗೊಂಡವು. 2000ನೆಯ ಇಸವಿ ಸಮೀಪಿಸಿದಾಗ, ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿದ್ದ ಹಳೆಯ ಕ್ರಮವಿಧಿಗಳನ್ನು ತಿದ್ದುವ ಕೆಲಸ ಭಾರತಕ್ಕೂ ಬೆಂಗಳೂರಿಗೂ ಹೇರಳವಾಗಿ ಬಂದಿತು. ನಮ್ಮ ನಾಡಿನ ಅನೇಕ ತರುಣರು ಕೋಬಾಲ್ ಕಲಿತೇ ಮೊದಲ ಬಾರಿಗೆ ವಿಮಾನ ಹತ್ತಿದರು. ಆ ಅಲೆ ಇಳಿದೊಡನೆ ಅದೇ ಭಾಷೆ ಮುದಿ ಭಾಷೆಯೆಂದು ತಾತ್ಸಾರಕ್ಕೆ ಗುರಿಯಾಯಿತು. ಆದರೆ 2020ರ ಏಪ್ರಿಲ್‌ನಲ್ಲಿ, ಕೊರೋನಾ ಸಂಕಟದಿಂದ ನಿರುದ್ಯೋಗ ಪರಿಹಾರದ ಅರ್ಜಿಗಳು ಉಕ್ಕಿ ಬಂದಾಗ, ಅಮೆರಿಕದ ನ್ಯೂಜೆರ್ಸಿ ರಾಜ್ಯದ ಗವರ್ನರ್ ಫಿಲ್ ಮರ್ಫಿ ಅವರು ಕೋಬಾಲ್ ಬಲ್ಲ ಸ್ವಯಂಸೇವಕರು ಬೇಕಾಗಿದ್ದಾರೆಂದು ಬಹಿರಂಗವಾಗಿ ಕೇಳಿಕೊಳ್ಳಬೇಕಾಯಿತು. ಮೂಗು ಮುರಿದವರ ಮನೆಯ ಲೆಕ್ಕವೂ ಅದರಲ್ಲಿಯೇ ಇತ್ತೆಂಬುದು ಆಗ ಮನವರಿಕೆಯಾಯಿತು.

ನಾವು ಆಟದ ಸಾಮಾನೆಂದು ತಳ್ಳಿದ ಪಿಎಚ್‌ಪಿಯ ಯೋಗ್ಯತೆಯೇನು? ರಾಸ್ಮಸ್ ಲೆರ್ಡೋರ್ಫ್ ಎಂಬುವರು 1994ರಲ್ಲಿ ತಮ್ಮ ಸ್ವಂತ ಪುಟಕ್ಕೆಂದು ಬರೆದುಕೊಂಡ ಸಣ್ಣ ಸಾಧನ ಅದು. 1995ರಲ್ಲಿ ಸಾರ್ವಜನಿಕರಿಗೆ ಬಿಡುಗಡೆಯಾಯಿತು. ಆರಂಭದ ರೂಪದಲ್ಲಿ ಅಂಕುಡೊಂಕುಗಳು ಇದ್ದದ್ದು ನಿಜ. ಅದನ್ನು ಬಳಸಿ ಅಜಾಗರೂಕತೆಯಿಂದ ಬರೆದ ಕ್ರಮವಿಧಿಗಳಲ್ಲಿ ಕಳ್ಳರು ನುಗ್ಗಿದ್ದೂ ನಿಜ. ಆದರೆ ವಿಕಿಪೀಡಿಯ 2002ರಿಂದ ಇದೇ ಭಾಷೆಯ ತಂತ್ರಾಂಶದ ಮೇಲೆ ನಡೆಯುತ್ತಿದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವೂ ಅದರ ಮೇಲೆಯೇ ನಿಂತಿದೆ. 2004ರಲ್ಲಿ ಫೇಸ್‌ಬುಕ್ ಹುಟ್ಟಿದ್ದೂ ಪಿಎಚ್‌ಪಿಯಲ್ಲಿಯೇ. ನಾವು ತರುಣನನ್ನು ಹಿಂದೆ ಕಳುಹಿಸಿದ 2009ರಲ್ಲಿ ಅದು ಕೋಟ್ಯಂತರ ಜನರ ಮಾತುಕತೆಯನ್ನು ಹೊರುತ್ತಿತ್ತು. ನಮ್ಮ ಎರಡು ಸಾವಿರ ಖಾತೆಗಳು ಅದಕ್ಕೆ ಭಾರವಾಗುತ್ತಿದ್ದವೆಂದು ನಾವು ನಂಬಿದ್ದೆವು!

ಇನ್ನು ನಾವು ಮೆಚ್ಚಿಕೊಂಡ ಜಾವಾ? 1995ರಲ್ಲಿ ಬಂದ ಹೊಸತರಲ್ಲಿ ಅದು ನಿಧಾನವೆಂಬ ಅಪಖ್ಯಾತಿ ಹೊತ್ತಿತ್ತು. ಮುಂದೆ ಅದರ ಕಾರ್ಯವೇಗ ಬಹಳಷ್ಟು ಸುಧಾರಿಸಿತು. ಕೆಲವೇ ವರ್ಷಗಳಲ್ಲಿ ದೊಡ್ಡ ಕಚೇರಿಗಳು ಜಾವಾ ಅಲ್ಲದಿದ್ದರೆ ಬೇಡವೆನ್ನತೊಡಗಿದವು. ಅಂದು ನಿಂದಿಸಿದವರಲ್ಲೂ ಇಂದು ಕೊಂಡಾಡಿದವರಲ್ಲೂ ಎಷ್ಟು ಮಂದಿ ಸ್ವತಃ ಪರೀಕ್ಷಿಸಿದ್ದರು ಎಂಬುದು ಪ್ರಶ್ನೆ.

ಗ್ರಾಹಕನು ಹೆಸರು ಕೇಳದಿದ್ದಾಗ ಏನಾಗುತ್ತದೆಂಬುದಕ್ಕೂ ಉದಾಹರಣೆಯುಂಟು. 1995ರಲ್ಲಿ ಅಮೆರಿಕದಲ್ಲಿ ಪಾಲ್ ಗ್ರಹಾಂ ಮತ್ತು ರಾಬರ್ಟ್ ಮಾರಿಸ್ ಅವರು ವಯಾವೆಬ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅಂಗಡಿಯವರು ಅಂತರ್ಜಾಲದಲ್ಲಿ ತಮ್ಮ ಮಳಿಗೆಯನ್ನು ತೆರೆಯಲು ನೆರವಾಗುವ ತಂತ್ರಾಂಶ ಅವರದು. ಅದನ್ನು ಬಹುಪಾಲು ಲಿಸ್ಪ್ ಎಂಬ ಹಳೆಯ, ವಿಶ್ವವಿದ್ಯಾಲಯಗಳಿಗಷ್ಟೇ ಸರಿಯೆಂದು ಉದ್ಯಮದವರು ಬದಿಗಿಟ್ಟಿದ್ದ ಭಾಷೆಯಲ್ಲಿ ಬರೆದಿದ್ದರು. ತಂತ್ರಾಂಶ ಅವರದೇ ಯಂತ್ರಗಳಲ್ಲಿ ಓಡುತ್ತಿದ್ದುದರಿಂದ ಭಾಷೆಯ ಹೆಸರು ಅಂಗಡಿಯವರಿಗೆ ಸಂಬಂಧಿಸಿದ ಸಂಗತಿಯೇ ಆಗಲಿಲ್ಲ. ಮಳಿಗೆ ತೆರೆಯಿತು, ಮಾರಾಟವಾಯಿತು. ಅವರಿಗೆ ಬೇಕಾದದ್ದು ಅಷ್ಟೇ. 1998ರಲ್ಲಿ ಯಾಹೂ ಸಂಸ್ಥೆ ವಯಾವೆಬ್ಬನ್ನು ಕೊಂಡುಕೊಂಡಿತು.

ಎಲ್ಲ ಅನುಮಾನವೂ ಪೂರ್ವಗ್ರಹವಲ್ಲ

ಹಾಗೆಂದು ಸಲಕರಣೆಯ ವಿಚಾರವನ್ನೇ ಗ್ರಾಹಕನು ಎತ್ತಬಾರದೆಂದರೆ ಅದು ಇನ್ನೊಂದು ತಪ್ಪಾಗುತ್ತದೆ. ವಯಾವೆಬ್ಬಿನ ತಂತ್ರಾಂಶವನ್ನೇ ಯಾಹೂ ಮುಂದೆ ಬೇರೆ ಭಾಷೆಗಳಲ್ಲಿ ಮರಳಿ ಬರೆಸಿತು. ಬಲ್ಲವರು ವಿರಳವಾದ ಭಾಷೆಯಲ್ಲಿರುವ ಕೆಲಸವನ್ನು ಮುಂದುವರಿಸುವುದು ಕಷ್ಟವೆಂಬ ಚಿಂತೆ ಯಾವ ಸಂಸ್ಥೆಗೂ ಸಹಜವಾದುದು. ಸಲಕರಣೆಗಳಿಗೂ ಆಯುಷ್ಯವಿದೆ. ಒಂದು ಕಾಲಕ್ಕೆ ನಮ್ಮ ಅಂಗಡಿ, ಸಂಘಗಳ ಲೆಕ್ಕಕ್ಕೆ ಆಧಾರವಾಗಿದ್ದ ವಿಷುವಲ್ ಬೇಸಿಕ್ 6ರ ರಚನಾ ಸಾಧನಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ 2008ರ ಏಪ್ರಿಲ್‌ನಲ್ಲಿ ಬೆಂಬಲ ನಿಲ್ಲಿಸಿತು. ವಿಷುವಲ್ ಫಾಕ್ಸ್‌ಪ್ರೊಗೆ 2015ರ ಜನವರಿಯಲ್ಲಿ ಬೆಂಬಲ ಮುಗಿಯಿತು. ಪಿಎಚ್‌ಪಿಯ ಐದನೆಯ ಆವೃತ್ತಿಗೆ 2018ರ ಕೊನೆಯಲ್ಲಿ, ಪೈಥಾನ್‌ನ ಎರಡನೆಯ ಆವೃತ್ತಿಗೆ 2020ರ ಜನವರಿ 1ರಂದು ಅವುಗಳ ರಚನಕಾರರೇ ವಿದಾಯ ಹೇಳಿದರು. ಬೆಂಬಲ ನಿಂತ ಸಲಕರಣೆಯಲ್ಲಿ ಹೊಸದಾಗಿ ಬಿರುಕು ಕಂಡರೆ ಮುಚ್ಚುವವರಿರುವುದಿಲ್ಲ. ಅಂಥದ್ದನ್ನು ಹಣದ ವ್ಯವಹಾರಕ್ಕೆ ಬೇಡವೆನ್ನುವುದು ವಿವೇಕವೇ ಹೊರತು ಪೂರ್ವಗ್ರಹವಲ್ಲ.

ಎರಡಕ್ಕೂ ಭೇದವೆಲ್ಲಿದೆ? ವಿವೇಕಿಯು ಹೆಸರಿನ ಹಿಂದೆ ಒಂದು ಪ್ರಶ್ನೆಯನ್ನಿಟ್ಟು ಉತ್ತರಕ್ಕಾಗಿ ಕಾಯುತ್ತಾನೆ. ಪೂರ್ವಗ್ರಹ ಪೀಡಿತನು ಹೆಸರನ್ನೇ ಉತ್ತರವೆಂದು ತಿಳಿಯುತ್ತಾನೆ. ಸಂಘ ಸಂಸ್ಥೆಗಳ ಹೊಣೆ ಹೊತ್ತವರು ಮುಂದಿನ ಬಾರಿ ತಂತ್ರಾಂಶ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆಗಳನ್ನು ನಮ್ಮ ಅನುಭವದಿಂದ ಇಲ್ಲಿ ನಿವೇದಿಸುತ್ತೇವೆ.

ಮೊದಲನೆಯದಾಗಿ, ನಮ್ಮ ನಿತ್ಯದ ವ್ಯವಹಾರವನ್ನೇ ಹಾಕಿ ಒಂದು ತಿಂಗಳು ಖಾತೆ ಪುಸ್ತಕದ ಜೊತೆಜೊತೆಗೆ ನಡೆಸಿದರೆ ಪ್ರತಿ ಸಂಜೆ ಎರಡೂ ಲೆಕ್ಕ ಕೂಡಿಬರುವುದೇ? ಎರಡನೆಯದಾಗಿ, ನಮ್ಮ ಮಾಹಿತಿಯನ್ನೆಲ್ಲ ಬೇರೆ ಯಾವ ತಂತ್ರಾಂಶವಾದರೂ ಓದಬಲ್ಲ ಸರಳ ರೂಪದಲ್ಲಿ, ಯಾರ ಅಪ್ಪಣೆಯೂ ಬೇಡದೆ ನಾವೇ ಹೊರತೆಗೆಯಬಹುದೇ? ಮೂರನೆಯದಾಗಿ, ತಂತ್ರಾಂಶದ ಮೂಲ ಬರಹವನ್ನು ನಮ್ಮ ವಶಕ್ಕೆ ಕೊಡುವರೇ, ಮತ್ತು ಮಾಡಿದವರು ನಾಳೆ ದೂರ ಹೋದರೆ ಅದನ್ನು ಓದಿ ಮುಂದುವರಿಸಬಲ್ಲವರು ಸುತ್ತಮುತ್ತ ಇರುವರೇ? ನಾಲ್ಕನೆಯದಾಗಿ, ಬಳಸಿದ ಸಲಕರಣೆಯ ಈ ಆವೃತ್ತಿಗೆ ರಕ್ಷಣೆಯ ತಿದ್ದುಪಡಿಗಳು ಇನ್ನೂ ಬರುತ್ತಿವೆಯೇ, ಎಂದಿನವರೆಗೆ? ಐದನೆಯದಾಗಿ, ಯಂತ್ರ ಕೆಟ್ಟರೆ ನಿನ್ನೆಯ ಲೆಕ್ಕವನ್ನು ಮರಳಿ ತರುವ ಪ್ರತಿ ಎಲ್ಲಿರುತ್ತದೆ, ಅದನ್ನು ತಂದು ತೋರಿಸಬಲ್ಲಿರಾ? ಈ ಐದಕ್ಕೂ ತೃಪ್ತಿಕರವಾದ ಉತ್ತರ ದೊರೆತ ಮೇಲೆ ಭಾಷೆಯ ಹೆಸರು ಯಾವುದಾದರೇನು?

ತಂತ್ರಾಂಶ ರಚಿಸುವ ನಮ್ಮ ಮಕ್ಕಳಿಗೂ ಒಂದು ಮಾತು. ಗ್ರಾಹಕರ ಅನುಮಾನವನ್ನು ಅಜ್ಞಾನವೆಂದು ಹಳಿಯಬೇಡಿ. ಅದರೊಳಗೆ ಒಂದು ನ್ಯಾಯವಾದ ಭಯ ಅಡಗಿರಬಹುದು. ಅದನ್ನು ಹೊರತೆಗೆದು ಉತ್ತರಿಸುವುದೂ ನಿಮ್ಮ ಕೆಲಸದ ಭಾಗವೇ. ಹಾಗೆಯೇ ಗೆಳೆಯರು ಬಳಸುವ ಸಲಕರಣೆಯನ್ನು ಗೇಲಿ ಮಾಡುವಾಗ ಒಮ್ಮೆ ಯೋಚಿಸಿ. ಊಟದ ಹೊತ್ತಿನಲ್ಲಿ ನೀವು ಮಾವನವರೆದುರು ಆಡಿದ ಹಗುರ ಮಾತು ಯಾವುದೋ ಊರಿನಲ್ಲಿ ಒಬ್ಬ ತರುಣನ ಆರು ತಿಂಗಳ ಶ್ರಮವನ್ನು ಕಸದ ಬುಟ್ಟಿಗೆ ಸೇರಿಸೀತು.

ಆ ತರುಣನ ವಿಷಯ ಹೇಳದೆ ಈ ಲೇಖನ ಮುಗಿಯಲಾರದು. ನಾವು ಬೇಡವೆಂದ ತಂತ್ರಾಂಶವನ್ನು ಅವನು ಪಕ್ಕದ ತಾಲ್ಲೂಕಿನ ಒಂದು ಸಂಘಕ್ಕೆ ಕೊಟ್ಟಿದ್ದ. 2013ರಲ್ಲಿ ನಮಗೆ ಸಂಕಟ ಒದಗಿದಾಗ ಸಲಹೆ ಕೇಳಲು ಅಲ್ಲಿಗೆ ಹೋದೆವು. ತಂತ್ರಾಂಶ ಸುಸೂತ್ರವಾಗಿ ನಡೆಯುತ್ತಿತ್ತು. ಪ್ರತಿ ಶನಿವಾರ ಲೆಕ್ಕದ ಪ್ರತಿ ತೆಗೆದಿಡುವ ಕ್ರಮವನ್ನು ತರುಣ ಒಂದು ನೋಟುಪುಸ್ತಕದಲ್ಲಿ ಕನ್ನಡದಲ್ಲಿ ಬರೆದುಕೊಟ್ಟಿದ್ದ. ಇದು ಯಾವ ಭಾಷೆಯಲ್ಲಿ ಮಾಡಿದ್ದೆಂದು ನಿಮಗೆ ಗೊತ್ತಿತ್ತೇ ಎಂದು ಅಲ್ಲಿನ ಕಾರ್ಯದರ್ಶಿಗಳನ್ನು ಕೇಳಿದೆವು. ಅವರು, “ಅದನ್ನ ನಾವು ಕೇಳೇ ಇಲ್ರಿ. ಸಂಜೀಕ ಲೆಕ್ಕ ಕೂಡ್ತದಿಲ್ಲೊ ಅಂತ ಕೇಳಿದ್ವಿ” ಎಂದರು.

ಈಚೆಗೆ ಒಂದು ಮದುವೆಯಲ್ಲಿ ಅವನು ಸಿಕ್ಕಿದ್ದ. ಈಗ ಸ್ವಂತ ಉದ್ಯಮ ನಡೆಸುತ್ತಾನೆ, ನಾಲ್ಕು ಮಂದಿಗೆ ಉದ್ಯೋಗ ಕೊಟ್ಟಿದ್ದಾನೆ. ನಾವು ಅಂದಿನ ಸಭೆಯ ಮಾತೆತ್ತಿ ತಪ್ಪಾಯಿತೆಂದೆವು. ಅವನು ನಕ್ಕು, “ಇರ್ಲಿ ಬಿಡ್ರಿ. ಈಗಿನ ಗ್ರಾಹಕರು ಕೃತಕ ಬುದ್ಧಿಮತ್ತೆ ಬಳಸೀಯೋ ಇಲ್ಲೋ ಅಂತ ಕೇಳ್ತಾರ. ಬಳಸೇನಿ ಅಂದ್ರ ಕೆಲವರು ಬ್ಯಾಡಂತಾರ, ಬಳಸಿಲ್ಲ ಅಂದ್ರ ಇನ್ನ ಕೆಲವರು ಬ್ಯಾಡಂತಾರ. ಒಂದು ವಾರ ನಡಿಸಿ ನೋಡ್ರಿ ಅಂತ ನಾನು ಈಗಲೂ ಹೇಳ್ತೇನ್ರಿ” ಎಂದ.

ಆ ಒಂದು ವಾರವನ್ನು ಕೊಡುವ ತಾಳ್ಮೆ ನಮ್ಮ ಸಂಘ ಸಂಸ್ಥೆಗಳ ಹಿರಿಯರಿಗೆ ಬರಲಿ, ಯಾವ ತಾಯಿಯೂ ತನ್ನ ಠೇವಣಿಗಾಗಿ ಹನ್ನೊಂದು ದಿನ ಮೆಟ್ಟಿಲು ಹತ್ತುವಂತಾಗದಿರಲಿ ಎಂಬುದೇ ನಮ್ಮ ಬಿನ್ನಹ.